ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ (1845–1901): ಜೀವನ ಪರಿಚಯ ಹಾಗೂ ಮೈಸೂರು ಸಂಸ್ಥಾನದ ಸಿವಿಲ್ ನ್ಯಾಯಾಲಯಗಳ ಕಾನೂನು

ಪಹಣಿ ತಿದ್ದುಪಡಿ, ಖಾತೆ ಬದಲಾವಣೆ, ಪೌತಿ ಖಾತೆ ಮೊದಲಾದ ಸೇವೆಗಳಿಗಾಗಿ ಕೆಂಗೇರಿ ಹೋಬಳಿಯ ನಾಡಕಚೇರಿಗೆ ಅಥವಾ ಬೆಂಗಳೂರು ದಕ್ಷಿಣ ತಾಲ್ಲೂಕು ಕಚೇರಿಗೆ ಬರುವ ಅರ್ಜಿದಾರರಲ್ಲಿ ಕೆಲವರಿಗೆ, ಆಸ್ತಿಯ ಒಡೆತನ ಕುರಿತ ವಿವಾದವನ್ನು ತಹಶೀಲ್ದಾರರು ತೀರ್ಮಾನಿಸಲು ಬರುವುದಿಲ್ಲ, ಅದಕ್ಕಾಗಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು ಎಂಬ ಹಿಂಬರಹ ದೊರೆಯುವುದುಂಟು. ಒಂದೇ ಜಮೀನಿನ ವಿಷಯಕ್ಕೆ ಎರಡು ಕಡೆ ಏಕೆ ಅಲೆಯಬೇಕು ಎಂದು ಸಾರ್ವಜನಿಕರು ಕೇಳುವುದು ಸಹಜ. ಒಂದು ಕಾಲದಲ್ಲಿ ಈ ಎರಡೂ ಕೆಲಸಗಳು ಒಬ್ಬನೇ ಅಧಿಕಾರಿಯ ಕೈಯಲ್ಲಿದ್ದವು. ಅವು ಬೇರೆಬೇರೆಯಾಗಿ, ಸ್ಥಳೀಯ ನ್ಯಾಯಾಧೀಶರ ಹುದ್ದೆಗೆ ಮೈಸೂರು ಸಂಸ್ಥಾನದಲ್ಲಿ ಶಾಸನದ ಆಧಾರ ದೊರೆತದ್ದು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದ ಆರಂಭದ ವರ್ಷಗಳಲ್ಲಿ. ಶಿವನಸಮುದ್ರದ ವಿದ್ಯುತ್ತಿನ ಮೂಲಕ ಅವರ ಹೆಸರು ಎಲ್ಲರಿಗೂ ಪರಿಚಿತವಾಗಿದೆ. ನ್ಯಾಯಾಲಯಗಳಿಗೆ ಸಂಬಂಧಿಸಿದ ಅವರ ಸೇವೆ ಅಷ್ಟಾಗಿ ತಿಳಿದಿಲ್ಲ.

ಜನನ ಮತ್ತು ವಿದ್ಯಾಭ್ಯಾಸ

ಶೇಷಾದ್ರಿ ಅಯ್ಯರ್ ಅವರು ದಿನಾಂಕ 01-06-1845ರಂದು ಅಂದಿನ ಮದರಾಸು ಪ್ರಾಂತ್ಯದ ಮಲಬಾರ್ ಜಿಲ್ಲೆಯ ಪಾಲಕ್ಕಾಡಿನ ಸಮೀಪದ ಕುಮಾರಪುರಂ ಗ್ರಾಮದಲ್ಲಿ ಜನಿಸಿದರು. ತಂದೆ ಅನಂತನಾರಾಯಣ ಅಯ್ಯರ್ ಅವರು ಕಲ್ಲಿಕೋಟೆಯಲ್ಲಿ ವಕೀಲಿ ವೃತ್ತಿಯಲ್ಲಿದ್ದರು. ಶೇಷಾದ್ರಿ ಅಯ್ಯರ್ ಅವರು ಎಳೆವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು ಬಂಧುಗಳ ಆಶ್ರಯದಲ್ಲಿ ಬೆಳೆದರು. ಕಲ್ಲಿಕೋಟೆಯಲ್ಲಿ ಶಾಲಾ ವಿದ್ಯಾಭ್ಯಾಸವನ್ನು ಮುಗಿಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎ. ಪದವಿ ಪಡೆದರು. ಕೆಲಕಾಲ ಕಲ್ಲಿಕೋಟೆಯ ಕಲೆಕ್ಟರ್ ಕಚೇರಿಯಲ್ಲಿ ಭಾಷಾಂತರಕಾರರಾಗಿ ಕೆಲಸ ಮಾಡಿದರು. ಮುಂದೆ ಮೈಸೂರಿನ ದಿವಾನರಾದ ಸಿ. ರಂಗಾಚಾರ್ಲು ಅವರು ಇವರ ಸಾಮರ್ಥ್ಯವನ್ನು ಗುರುತಿಸಿದ್ದರು. ಅವರ ಪ್ರಯತ್ನದಿಂದಲೇ 1868ರಲ್ಲಿ ಶೇಷಾದ್ರಿ ಅಯ್ಯರ್ ಅವರು ಮೈಸೂರು ಸೇವೆಗೆ ಬಂದರು.

ಅವರಿಗೆ ಮೊದಲು ದೊರೆತ ಹುದ್ದೆ ನ್ಯಾಯಾಡಳಿತಕ್ಕೆ ಸಂಬಂಧಿಸಿದ್ದು ಎಂಬುದು ಗಮನಾರ್ಹ. ಮೈಸೂರು ಮತ್ತು ಹಾಸನ ಜಿಲ್ಲೆಗಳನ್ನು ಒಳಗೊಂಡಿದ್ದ ಅಷ್ಟಗ್ರಾಮ ವಿಭಾಗದಲ್ಲಿ ಅವರನ್ನು ಜುಡಿಷಿಯಲ್ ಶಿರಸ್ತೇದಾರರನ್ನಾಗಿ ನೇಮಿಸಲಾಯಿತು. ಶಿರಸ್ತೇದಾರರು ನ್ಯಾಯಾಧೀಶರಲ್ಲ. ಆದರೆ ಕಚೇರಿಯ ದಾಖಲೆಪತ್ರಗಳೆಲ್ಲ ಅವರ ಕೈಯ ಮೂಲಕವೇ ಹಾದುಹೋಗುವುದರಿಂದ, ಯಾವ ದಾವೆ ಎಲ್ಲಿ ಕುಂಟುತ್ತಿದೆ ಎಂಬುದು ಮೇಲಿನ ಅಧಿಕಾರಿಗಿಂತ ಅವರಿಗೇ ಚೆನ್ನಾಗಿ ತಿಳಿದಿರುತ್ತದೆ.

ಅಂದಿನ ನ್ಯಾಯ ವ್ಯವಸ್ಥೆ

ಶೇಷಾದ್ರಿ ಅಯ್ಯರ್ ಅವರ ಕಾರ್ಯದ ಮಹತ್ವವನ್ನು ಅರಿಯಲು ಅದಕ್ಕೆ ಮುಂಚಿನ ಸ್ಥಿತಿಯನ್ನು ತಿಳಿಯುವುದು ಅವಶ್ಯಕ. 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡರು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಅವಧಿಯಲ್ಲಿ ಸಂಸ್ಥಾನವನ್ನು ನಾಲ್ಕು ವಿಭಾಗಗಳಾಗಿ ವಿಂಗಡಿಸಿ, ಪ್ರತಿ ವಿಭಾಗಕ್ಕೂ ಒಬ್ಬ ಐರೋಪ್ಯ ಸೂಪರಿಂಟೆಂಡೆಂಟರನ್ನು ನೇಮಿಸಲಾಗಿತ್ತು. ಆಡಳಿತವನ್ನು ನಡೆಸುವ ಈ ಅಧಿಕಾರಿಗಳೇ ನ್ಯಾಯವನ್ನೂ ವಿಚಾರಿಸುತ್ತಿದ್ದರು. ಸದರ್ ಮುನ್ಸೀಫರು ಹಾಗೂ ಬೆಂಗಳೂರಿನ ಹುಜೂರ್ ಅದಾಲತ್ತು ಇದ್ದವಾದರೂ, ಹಳ್ಳಿಯ ರೈತನ ಪಾಲಿಗೆ ನ್ಯಾಯಾಲಯವೆಂದರೆ ತಾಲ್ಲೂಕಿನ ಅಮಲ್ದಾರರ ಕಚೇರಿಯೇ ಆಗಿತ್ತು.

ಅಮಲ್ದಾರರ ಮುಖ್ಯ ಕರ್ತವ್ಯ ಕಂದಾಯ ವಸೂಲಿ. ಕಂದಾಯ ಬಾಕಿ ಉಳಿಸಿಕೊಂಡ ರೈತನ ಮೇಲೆ ಕ್ರಮ ಜರುಗಿಸುತ್ತಿದ್ದವರು ಅವರು. ಅದೇ ರೈತ ಪಕ್ಕದ ಹೊಲದವನ ಮೇಲೆ ಬದುವಿನ ಒತ್ತುವರಿಯ ಬಗ್ಗೆ ಫಿರ್ಯಾದು ತಂದರೆ ವಿಚಾರಿಸಬೇಕಾದವರೂ ಅವರೇ. ಜಮಾಬಂದಿಯ ಸಮಯ ಬಂತೆಂದರೆ ದಾವೆಗಳು ಹಿಂದೆ ಸರಿಯುತ್ತಿದ್ದವು. ಇಲ್ಲಿ ಯಾವೊಬ್ಬ ಅಮಲ್ದಾರರ ಪ್ರಾಮಾಣಿಕತೆಯೂ ಪ್ರಶ್ನೆಯಲ್ಲ. ಎಷ್ಟೇ ನಿಷ್ಪಕ್ಷಪಾತಿಯಾದ ಅಧಿಕಾರಿಯಾದರೂ, ಸರ್ಕಾರದ ಬೊಕ್ಕಸಕ್ಕೆ ಉತ್ತರದಾಯಿಯಾಗಿರುವವರು ಅದೇ ಭೂಮಿಯ ಒಡೆತನದ ತೀರ್ಪನ್ನೂ ನೀಡಬೇಕಾದಾಗ ಕಕ್ಷಿದಾರನಿಗೆ ಅನುಮಾನ ಉಳಿಯದೇ ಇರದು.

ಬೆಂಗಳೂರು ತಾಲ್ಲೂಕಿನ ಕೆಂಗೇರಿ ಅಂದು ಮೈಸೂರು ರಸ್ತೆಯ ಒಂದು ಸಣ್ಣ ಪೇಟೆಯಾಗಿತ್ತು. 1866ರಲ್ಲಿ ಇಟಲಿಯ ಡಿ ವೆಕ್ಕಿ ಎಂಬುವರು ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯನ್ನು ಅಲ್ಲಿ ಆರಂಭಿಸಿದ್ದರು. ಹೊಲ, ತೋಟ, ರೇಷ್ಮೆ ಮತ್ತು ವ್ಯಾಪಾರ ಒಂದೆಡೆ ಸೇರಿದ ಇಂತಹ ಊರುಗಳಲ್ಲಿ ಕೈಸಾಲ, ಅಡಮಾನ ಹಾಗೂ ಪಾಲುಪಾರೀಕತ್ತಿನ ವ್ಯಾಜ್ಯಗಳು ಕಡಿಮೆಯೇನೂ ಇರುವುದಿಲ್ಲ. ಅವುಗಳ ಮೊತ್ತ ಸಣ್ಣದು. ಆದರೆ ಆ ಸಣ್ಣ ಮೊತ್ತವೇ ಒಂದು ಕುಟುಂಬದ ಸರ್ವಸ್ವವಾಗಿರುತ್ತಿತ್ತು.

1856ರಲ್ಲಿ ಹುಜೂರ್ ಅದಾಲತ್ತಿಗೆ ಬದಲಾಗಿ ಜುಡಿಷಿಯಲ್ ಕಮಿಷನರ್ ಹುದ್ದೆಯನ್ನು ಸೃಜಿಸಲಾಯಿತು. ಎಲ್. ಬಿ. ಬೌರಿಂಗ್ ಅವರು ಮುಖ್ಯಸ್ಥರಾದ ಮೇಲೆ ಸಂಸ್ಥಾನವನ್ನು ಮೂರು ವಿಭಾಗಗಳು ಹಾಗೂ ಎಂಟು ಜಿಲ್ಲೆಗಳಾಗಿ ಪುನರ್ವಿಂಗಡಿಸಲಾಯಿತು. 1870ರ ದಶಕದಲ್ಲಿ ಮುನ್ಸೀಫರನ್ನು ನೇಮಿಸಿ, ಅಮಲ್ದಾರರನ್ನು ಸಿವಿಲ್ ದಾವೆಗಳ ಹೊರೆಯಿಂದ ಬಿಡುಗಡೆ ಮಾಡುವ ಕಾರ್ಯ ಆರಂಭವಾಯಿತು. ಆದುದರಿಂದ ಮುನ್ಸೀಫ್ ಹುದ್ದೆಯನ್ನು ಶೇಷಾದ್ರಿ ಅಯ್ಯರ್ ಅವರೇ ಮೊದಲು ಸೃಷ್ಟಿಸಿದರು ಎಂದು ಹೇಳಲಾಗದು. ಆದರೆ ಸರ್ಕಾರದ ಆದೇಶದಿಂದ ಬಂದ ಏರ್ಪಾಡನ್ನು ಸರ್ಕಾರದ ಇನ್ನೊಂದು ಆದೇಶ ತೆಗೆದುಹಾಕಬಹುದು. ಉಳಿತಾಯದ ಅವಶ್ಯಕತೆ ಬಂದಾಗ ಮೊದಲು ಕತ್ತರಿ ಬೀಳುವುದು ಇಂತಹ ಹುದ್ದೆಗಳ ಮೇಲೆಯೇ.

ಹದಿನೈದು ವರ್ಷಗಳ ಸೇವೆ

ಅಷ್ಟಗ್ರಾಮದಲ್ಲಿ ಸೇವೆ ಸಲ್ಲಿಸುತ್ತಲೇ ಶೇಷಾದ್ರಿ ಅಯ್ಯರ್ ಅವರು ಕಾನೂನು ವ್ಯಾಸಂಗವನ್ನು ಕೈಗೊಂಡು 1874ರಲ್ಲಿ ಬಿ.ಎಲ್. ಪದವಿ ಪಡೆದರು. ಬೇರೆಬೇರೆ ಹುದ್ದೆಗಳಲ್ಲಿ ದುಡಿದ ನಂತರ 1879ರಲ್ಲಿ ತುಮಕೂರಿನ ಡೆಪ್ಯುಟಿ ಕಮಿಷನರ್ ಹಾಗೂ ಜಿಲ್ಲಾ ಮ್ಯಾಜಿಸ್ಟ್ರೇಟ್ ಆಗಿ ನೇಮಕಗೊಂಡರು. ಕಂದಾಯದ ಅಧಿಕಾರ ಮತ್ತು ದಂಡಾಧಿಕಾರ ಒಂದೇ ಕುರ್ಚಿಯಲ್ಲಿ ಕೂಡಿದ್ದ ಹುದ್ದೆಯದು. ಹೀಗೆ ದಿವಾನ ಪದವಿಗೆ ಏರುವ ಮುನ್ನವೇ ಅವರು ಈ ವ್ಯವಸ್ಥೆಯನ್ನು ಕೆಳಗಿನ ಮೇಜಿನಿಂದಲೂ ಮೇಲಿನ ಕುರ್ಚಿಯಿಂದಲೂ ಕಂಡಿದ್ದರು.

ಈ ಮಧ್ಯೆ 1876ರಿಂದ 1878ರವರೆಗಿನ ಮಹಾಕ್ಷಾಮವು ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗವನ್ನು ಬಲಿ ತೆಗೆದುಕೊಂಡಿತು. ಸಂಸ್ಥಾನದ ಮೇಲೆ 80 ಲಕ್ಷ ರೂಪಾಯಿಗಳ ಕ್ಷಾಮದ ಸಾಲ ನಿಂತಿತು. 1881ರಲ್ಲಿ ಹತ್ತನೆಯ ಚಾಮರಾಜ ಒಡೆಯರ್ ಅವರಿಗೆ ಆಡಳಿತವನ್ನು ಹಿಂತಿರುಗಿಸಿದಾಗ ದಿವಾನರಾದ ರಂಗಾಚಾರ್ಲು ಅವರ ಮುಂದಿದ್ದುದು ಈ ಸಾಲದ ಹೊರೆ. ಅವರು ಖರ್ಚನ್ನು ಕಡಿತಗೊಳಿಸಿ ಬೆಂಗಳೂರು–ಮೈಸೂರು ರೈಲುಮಾರ್ಗವನ್ನು ಪೂರ್ಣಗೊಳಿಸಿದರು. ಕೆಂಗೇರಿಯ ಮೂಲಕ ಸಾಗುವ ಈ ಮಾರ್ಗವು 1882ರ ವೇಳೆಗೆ ಮೈಸೂರನ್ನು ತಲುಪಿತು. ಶೇಷಾದ್ರಿ ಅಯ್ಯರ್ ಅವರನ್ನು ವಿಶೇಷ ಕರ್ತವ್ಯದ ಮೇಲೆ ದಿವಾನರ ಬಳಿಗೆ ಕರೆಸಿಕೊಳ್ಳಲಾಗಿತ್ತು. ದಿನಾಂಕ 20-01-1883ರಂದು ರಂಗಾಚಾರ್ಲು ಅವರು ನಿಧನರಾದರು. ಮರುತಿಂಗಳು, ಫೆಬ್ರವರಿ 12ರಂದು, ಇನ್ನೂ 38 ವರ್ಷ ತುಂಬದಿದ್ದ ಶೇಷಾದ್ರಿ ಅಯ್ಯರ್ ಅವರು ಮೈಸೂರಿನ ದಿವಾನರಾದರು.

1883 ಮತ್ತು 1884ರ ರೆಗ್ಯುಲೇಷನ್‌ಗಳು

ಅಂದು ಮೈಸೂರಿನಲ್ಲಿ ಶಾಸನಗಳನ್ನು ರೆಗ್ಯುಲೇಷನ್ ಎಂದು ಕರೆಯಲಾಗುತ್ತಿತ್ತು. ಶಾಸನ ರಚಿಸುವ ಸಭೆ ಇನ್ನೂ ಅಸ್ತಿತ್ವಕ್ಕೆ ಬಂದಿರಲಿಲ್ಲ. 1881ರಲ್ಲಿ ಸ್ಥಾಪಿತವಾದ ಪ್ರಜಾಪ್ರತಿನಿಧಿ ಸಭೆಗೆ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳುವ ಅವಕಾಶವಿತ್ತೇ ಹೊರತು ಕಾನೂನು ಮಾಡುವ ಅಧಿಕಾರವಿರಲಿಲ್ಲ. ಶಾಸನ ಪರಿಷತ್ತು ಬಂದದ್ದು 1907ರಲ್ಲಿ. ಮೇಲಾಗಿ, ಆಡಳಿತವನ್ನು ಹಿಂತಿರುಗಿಸಿದ ಕರಾರಿನ ಪ್ರಕಾರ ಜಾರಿಯಲ್ಲಿದ್ದ ಕಾನೂನುಗಳಲ್ಲಿ ಮುಖ್ಯ ಬದಲಾವಣೆ ಮಾಡಲು ಗವರ್ನರ್ ಜನರಲ್ ಅವರ ಸಮ್ಮತಿ ಬೇಕಾಗಿತ್ತು. ಇಷ್ಟು ಕಟ್ಟುಪಾಡುಗಳ ನಡುವೆ ನ್ಯಾಯಾಲಯಗಳ ಕುರಿತು ಎರಡು ಶಾಸನಗಳು ಒಂದರ ಹಿಂದೆ ಒಂದು ಹೊರಬಂದವು.

ಮೊದಲನೆಯದು 1883ರ 1ನೆಯ ರೆಗ್ಯುಲೇಷನ್, ಅಂದರೆ ಮೈಸೂರು ಸಿವಿಲ್ ನ್ಯಾಯಾಲಯಗಳ ರೆಗ್ಯುಲೇಷನ್. ಶೇಷಾದ್ರಿ ಅಯ್ಯರ್ ಅವರು ದಿವಾನರಾದ ವರ್ಷವೇ ಬಂದ ಈ ಶಾಸನದ ಹಿಂದೆ ರಂಗಾಚಾರ್ಲು ಅವರ ಕಾಲದ ಸಿದ್ಧತೆಯೂ ಇದ್ದಿರಬೇಕು. ಆದುದರಿಂದ ಕೀರ್ತಿಯನ್ನು ಇಬ್ಬರಿಗೂ ಹಂಚುವುದು ನ್ಯಾಯ. ಜಿಲ್ಲಾ ನ್ಯಾಯಾಧೀಶರು, ಸಬಾರ್ಡಿನೇಟ್ ಜಡ್ಜರು ಹಾಗೂ ಮುನ್ಸೀಫರು ಎಂಬ ಶ್ರೇಣಿಗೆ ಶಾಸನದ ಆಧಾರ ಲಭಿಸಿತು. ದಾವೆಯ ಮೌಲ್ಯ ಮತ್ತು ಸ್ಥಳದ ಮೇರೆಗೆ ಯಾರು ಯಾವುದನ್ನು ವಿಚಾರಿಸಬೇಕು, ತೀರ್ಪಿನಿಂದ ಬಾಧಿತರಾದವರು ಎಲ್ಲಿಗೆ ಅಪೀಲು ಹೋಗಬೇಕು ಎಂಬುದು ಅಧಿಕಾರಿಯ ಮರ್ಜಿಯನ್ನು ಅವಲಂಬಿಸದೆ ಕಾನೂನಿನ ವಿಷಯವಾಯಿತು. ತಾಲ್ಲೂಕು ಮಟ್ಟದ ಕಕ್ಷಿದಾರನಿಗೆ ಇವರಲ್ಲಿ ಹತ್ತಿರದವರು ಮುನ್ಸೀಫರು. ಕಂದಾಯ ವಸೂಲಿಯ ಹೊಣೆ ಅವರಿಗಿರಲಿಲ್ಲ.

ಎರಡನೆಯದು 1884ರ 1ನೆಯ ರೆಗ್ಯುಲೇಷನ್. ಇದರ ಮೂಲಕ ಜುಡಿಷಿಯಲ್ ಕಮಿಷನರ್ ಎಂಬ ಒಬ್ಬ ಅಧಿಕಾರಿಯ ಸ್ಥಾನದಲ್ಲಿ ಮೂವರು ನ್ಯಾಯಾಧೀಶರನ್ನು ಒಳಗೊಂಡ ಮೈಸೂರು ಮುಖ್ಯ ನ್ಯಾಯಾಲಯವನ್ನು, ಅಂದರೆ ಚೀಫ್ ಕೋರ್ಟನ್ನು, ಸ್ಥಾಪಿಸಲಾಯಿತು. ಈ ನ್ಯಾಯಾಲಯವೇ 1930ರಲ್ಲಿ ಮೈಸೂರು ಹೈಕೋರ್ಟ್ ಎಂಬ ಹೆಸರನ್ನು ಪಡೆಯಿತು. ಇಂದಿನ ಕರ್ನಾಟಕ ಉಚ್ಚ ನ್ಯಾಯಾಲಯದ ಪರಂಪರೆಯನ್ನು ಇಲ್ಲಿಂದಲೇ ಗುರುತಿಸುವುದು ವಾಡಿಕೆ. ಕೆಳಗಿನ ಮುನ್ಸೀಫರಿಗೂ ಇದರಿಂದ ಪ್ರಯೋಜನವಾಯಿತು. ಅವರ ತೀರ್ಪುಗಳನ್ನು ಕೊನೆಗೆ ಪರಿಶೀಲಿಸುವವರೂ ನ್ಯಾಯಾಧೀಶರೇ ಆದರು.

ಈ ಸುಧಾರಣೆ ಅಪೂರ್ಣವಾಗಿತ್ತು ಎಂಬುದನ್ನೂ ತಿಳಿಸಬೇಕಾಗುತ್ತದೆ. ಪ್ರತ್ಯೇಕತೆ ಬಂದದ್ದು ಸಿವಿಲ್ ದಾವೆಗಳಲ್ಲಿ ಮಾತ್ರ. ಅಮಲ್ದಾರರು ಮತ್ತು ಡೆಪ್ಯುಟಿ ಕಮಿಷನರುಗಳು ಮ್ಯಾಜಿಸ್ಟ್ರೇಟರಾಗಿ ಅಪರಾಧ ಪ್ರಕರಣಗಳನ್ನು ವಿಚಾರಿಸುವುದು ಮುಂದುವರಿಯಿತು. ತುಮಕೂರಿನಲ್ಲಿ ಸ್ವತಃ ಆ ಹುದ್ದೆಯಲ್ಲಿದ್ದ ದಿವಾನರು ಹದಿನೆಂಟು ವರ್ಷಗಳ ಅಧಿಕಾರಾವಧಿಯಲ್ಲಿಯೂ ಅದನ್ನು ಕೊನೆಗಾಣಿಸಲಿಲ್ಲ. ಉನ್ನತ ಮಟ್ಟದಲ್ಲಿಯೂ ಗೆರೆ ಮಸುಕಾಗಿಯೇ ಇತ್ತು. ಮುಖ್ಯ ನ್ಯಾಯಾಲಯದ ನ್ಯಾಯಾಧೀಶರಾಗಿ ಹೆಸರು ಗಳಿಸಿದ ಟಿ. ಆರ್. ಎ. ತಂಬುಚೆಟ್ಟಿ ಅವರೇ ಶೇಷಾದ್ರಿ ಅಯ್ಯರ್ ಅವರು ರಜೆಯಲ್ಲಿದ್ದಾಗ ಹಂಗಾಮಿ ದಿವಾನರೂ ಆಗುತ್ತಿದ್ದರು. ತಂಬುಚೆಟ್ಟಿಯವರ ಯೋಗ್ಯತೆಯ ಬಗ್ಗೆ ಎರಡು ಮಾತಿಲ್ಲ. ಆದರೂ ಇಂದಿನ ದೃಷ್ಟಿಗೆ ಈ ಏರ್ಪಾಡು ವಿಚಿತ್ರವಾಗಿಯೇ ತೋರುತ್ತದೆ.

ಹುದ್ದೆಗಳಿಗೆ ಆಯ್ಕೆ ಹಾಗೂ ಟೀಕೆಗಳು

ಹುದ್ದೆಗೆ ಕಾನೂನಿನ ಆಧಾರ ದೊರೆತರೂ ಅದರಲ್ಲಿ ಯಾರನ್ನು ಕೂರಿಸಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಶೇಷಾದ್ರಿ ಅಯ್ಯರ್ ಅವರು ತೀವ್ರ ಟೀಕೆಗೆ ಒಳಗಾದದ್ದು ಇದೇ ವಿಷಯದಲ್ಲಿ. ಮದರಾಸು ಪ್ರಾಂತ್ಯದಿಂದ ಬಂದವರಿಗೆ ಸಂಸ್ಥಾನದ ದೊಡ್ಡ ಹುದ್ದೆಗಳು ಹೆಚ್ಚಾಗಿ ದೊರೆಯುತ್ತಿವೆ, ಮೈಸೂರಿನವರಿಗೆ ಅವಕಾಶ ತಪ್ಪುತ್ತಿದೆ ಎಂಬ ಅಸಮಾಧಾನ ಅಂದಿನ ಪತ್ರಿಕೆಗಳಲ್ಲಿಯೂ ಪ್ರಜಾಪ್ರತಿನಿಧಿಗಳಲ್ಲಿಯೂ ಬೆಳೆದಿತ್ತು. ದಿವಾನರೇ ಹೊರಗಿನಿಂದ ಬಂದವರಾದುದರಿಂದ ಈ ದೂರಿಗೆ ಬಲ ಬಂತು. ಅಧಿಕಾರವನ್ನೆಲ್ಲ ತಮ್ಮಲ್ಲಿಯೇ ಕೇಂದ್ರೀಕರಿಸಿಕೊಂಡಿದ್ದಾರೆ ಎಂಬ ಮಾತೂ ಇತ್ತು. ಇವು ಪೂರ್ತಿ ಆಧಾರರಹಿತವಾದ ಟೀಕೆಗಳಾಗಿರಲಿಲ್ಲ.

1891ರಲ್ಲಿ ಮೈಸೂರು ಸಿವಿಲ್ ಸರ್ವೀಸ್‌ಗೆ ಸ್ಪರ್ಧಾತ್ಮಕ ಪರೀಕ್ಷೆಯನ್ನು ಜಾರಿಗೆ ತರಲಾಯಿತು. ಶಿಫಾರಸ್ಸಿಗೆ ಬದಲಾಗಿ ಪರೀಕ್ಷೆಯ ಮೂಲಕ ಅಧಿಕಾರಿಗಳನ್ನು ಆರಿಸುವ ಈ ಪದ್ಧತಿಯು ಭಾರತದ ದೇಶೀಯ ಸಂಸ್ಥಾನಗಳಲ್ಲಿ ಮುಂಚೂಣಿಯದು. ಇದು ಮುಖ್ಯವಾಗಿ ಕಾರ್ಯಾಂಗದ ಹುದ್ದೆಗಳಿಗೆ ಸಂಬಂಧಿಸಿದ್ದಾದರೂ, ಸರ್ಕಾರದ ಕುರ್ಚಿ ಪರಿಚಯದಿಂದಲ್ಲ, ಅರ್ಹತೆಯಿಂದ ದೊರೆಯಬೇಕು ಎಂಬ ನಿಲುವನ್ನು ಸಂಸ್ಥಾನದಲ್ಲಿ ಸ್ಥಾಪಿಸಿತು. ರಂಗಾಚಾರ್ಲು ಅವರ ಆಸರೆಯಿಂದ ಸೇವೆಗೆ ಬಂದ ವ್ಯಕ್ತಿಯೇ ಇಂತಹ ಪದ್ಧತಿಯನ್ನು ತಂದದ್ದು ವಿಶೇಷ.

ಇತರ ಕಾರ್ಯಗಳು

1888ರ ಭೂಕಂದಾಯ ಸಂಹಿತೆ ಮತ್ತು ಎಂಟು ವರ್ಷಕ್ಕಿಂತ ಕಿರಿಯ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಿದ 1894ರ ಶಾಸನ ಇವರ ಅವಧಿಯವು. ಹೆಸರಘಟ್ಟದಿಂದ ಬೆಂಗಳೂರಿಗೆ ನೀರು ಸರಬರಾಜು, ಮಾರಿಕಣಿವೆ ಜಲಾಶಯ, ಪ್ಲೇಗಿನ ನಂತರ ರೂಪುಗೊಂಡ ಬಸವನಗುಡಿ ಹಾಗೂ ಮಲ್ಲೇಶ್ವರ ಬಡಾವಣೆಗಳು, ವಿಕ್ಟೋರಿಯಾ ಆಸ್ಪತ್ರೆ ಮೊದಲಾದವುಗಳ ವಿವರ ಇತರೆಡೆ ಸಾಕಷ್ಟು ಲಭ್ಯವಿದೆ. ಡಿಸೆಂಬರ್ 1894ರಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೀಡಾದ ನಂತರ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾದರು. ದಿವಾನರು ಅವರ ನೆರವಿನ ಕೌನ್ಸಿಲಿನ ಮುಖ್ಯಸ್ಥರಾಗಿ ಕಾರ್ಯನಿರ್ವಹಿಸಿದರು. 1893ರಲ್ಲಿ ಅವರಿಗೆ ಸರ್ ಪದವಿ ಸಂದಿತ್ತು.

ಆರೋಗ್ಯ ಕೆಟ್ಟ ಕಾರಣ 1900ರಲ್ಲಿ ರಜೆ ಪಡೆದ ಶೇಷಾದ್ರಿ ಅಯ್ಯರ್ ಅವರು 1901ರ ಮಾರ್ಚ್‌ನಲ್ಲಿ ನಿವೃತ್ತರಾದರು. ಅದೇ ವರ್ಷ ಸೆಪ್ಟೆಂಬರ್ 13ರಂದು ನಿಧನ ಹೊಂದಿದರು. ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಕೆಲಸ ಆರಂಭಿಸಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಎರಡನ್ನೂ ನೋಡಲು ಅವರಿರಲಿಲ್ಲ. ಬೆಂಗಳೂರಿನ ಶೇಷಾದ್ರಿಪುರಂ ಬಡಾವಣೆ ಹಾಗೂ ಕಬ್ಬನ್ ಉದ್ಯಾನದ ಸ್ಮಾರಕ ಭವನ ಅವರ ಹೆಸರನ್ನು ಉಳಿಸಿವೆ. ಅವರು ವಾಸಿಸುತ್ತಿದ್ದ ಕುಮಾರಕೃಪ ಸರ್ಕಾರದ ಅತಿಥಿಗೃಹವಾಯಿತು.

1883ರ ಶಾಸನದ ನಂತರದ ಸ್ಥಿತಿ

1883ರ ರೆಗ್ಯುಲೇಷನ್ ಎಂಟು ದಶಕಗಳ ಕಾಲ ಜಾರಿಯಲ್ಲಿತ್ತು. 1956ರಲ್ಲಿ ರಾಜ್ಯ ಏಕೀಕರಣಗೊಂಡಾಗ ಮುಂಬಯಿ, ಮದರಾಸು ಮತ್ತು ಹೈದರಾಬಾದಿನಿಂದ ಬಂದ ಪ್ರದೇಶಗಳಲ್ಲಿ ಬೇರೆಬೇರೆ ಸಿವಿಲ್ ನ್ಯಾಯಾಲಯ ಕಾನೂನುಗಳಿದ್ದವು. ಇವುಗಳೆಲ್ಲದರ ಸ್ಥಾನದಲ್ಲಿ 1964ರಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಸಿವಿಲ್ ನ್ಯಾಯಾಲಯಗಳ ಅಧಿನಿಯಮವನ್ನು ರಚಿಸಲಾಯಿತು. ಇದೇ ಈಗಿನ ಕರ್ನಾಟಕ ಸಿವಿಲ್ ನ್ಯಾಯಾಲಯಗಳ ಅಧಿನಿಯಮ, 1964. ಇದರಲ್ಲಿಯೂ ಮೂರು ಹಂತಗಳ ಶ್ರೇಣಿ ಮುಂದುವರಿಯಿತು. ಮುನ್ಸೀಫ್ ಎಂಬ ಪದನಾಮ ನಂತರದ ತಿದ್ದುಪಡಿಯಿಂದ ಸಿವಿಲ್ ನ್ಯಾಯಾಧೀಶರು (ಕಿರಿಯ ಶ್ರೇಣಿ) ಎಂದು ಬದಲಾಗಿದೆ. ಹಳ್ಳಿಗಳಲ್ಲಿ ಹಿರಿಯರು ಇಂದಿಗೂ ಮುನ್ಸೀಫ್ ಕೋರ್ಟು ಎಂದೇ ಹೇಳುವುದು ಕೇಳಿಬರುತ್ತದೆ. ಅಪರಾಧ ಪ್ರಕರಣಗಳಲ್ಲಿ ಉಳಿದಿದ್ದ ಪ್ರತ್ಯೇಕತೆಯ ಕೆಲಸವನ್ನು ದಿನಾಂಕ 01-04-1974ರಿಂದ ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯು ದೇಶಾದ್ಯಂತ ಪೂರ್ಣಗೊಳಿಸಿತು. ತಹಶೀಲ್ದಾರರಿಗೆ ಈಗ ಉಳಿದಿರುವುದು ಕಾರ್ಯನಿರ್ವಾಹಕ ದಂಡಾಧಿಕಾರಿಯ ಸೀಮಿತ ಅಧಿಕಾರ ಮಾತ್ರ.

ನ್ಯಾಯಾಧೀಶರ ನೇಮಕವು ಸಂವಿಧಾನದ 233 ಮತ್ತು 234ನೆಯ ಅನುಚ್ಛೇದಗಳಿಗೆ ಒಳಪಟ್ಟಿದ್ದು, ಅವರ ಮೇಲಿನ ನಿಯಂತ್ರಣವು 235ನೆಯ ಅನುಚ್ಛೇದದ ಮೇರೆಗೆ ಉಚ್ಚ ನ್ಯಾಯಾಲಯದಲ್ಲಿ ನಿಹಿತವಾಗಿದೆ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕಾನೂನು ಪದವೀಧರರಿಂದ ಅರ್ಜಿ ಆಹ್ವಾನಿಸಿ ಸ್ಪರ್ಧಾತ್ಮಕ ಪರೀಕ್ಷೆ ನಡೆಸಲಾಗುತ್ತದೆ. ಅಭ್ಯರ್ಥಿಗಳು ಕನ್ನಡ ಮತ್ತು ಇಂಗ್ಲಿಷ್ ನಡುವಿನ ಭಾಷಾಂತರದ ಪತ್ರಿಕೆಯನ್ನೂ ಬರೆಯಬೇಕಾಗುತ್ತದೆ. ಕಲ್ಲಿಕೋಟೆಯ ಕಚೇರಿಯಲ್ಲಿ ಭಾಷಾಂತರಕಾರರಾಗಿ ಕೆಲಸ ಆರಂಭಿಸಿದ ದಿವಾನರನ್ನು ಇಲ್ಲಿ ನೆನೆಯಬಹುದು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಹುದ್ದೆಗೆ ಕನಿಷ್ಠ ಮೂರು ವರ್ಷಗಳ ವಕೀಲಿ ಅನುಭವದ ಷರತ್ತನ್ನು ಮರಳಿ ವಿಧಿಸಿದೆ.

ಕೆಂಗೇರಿ ಭಾಗದ ಅರ್ಜಿದಾರರಿಗೆ ಸಂಬಂಧಿಸಿದಂತೆ, ಪುರಸಭೆಯಾಗಿದ್ದ ಕೆಂಗೇರಿಯು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಸೇರಿತು. ನಗರ ವ್ಯಾಪ್ತಿಯ ಸಿವಿಲ್ ದಾವೆಗಳಿಗೆ ಬೆಂಗಳೂರು ನಗರ ಸಿವಿಲ್ ನ್ಯಾಯಾಲಯ ಅಧಿನಿಯಮ, 1979 ಅನ್ವಯಿಸುತ್ತದೆ. ಹೋಬಳಿಯ ಕೆಲವು ಗ್ರಾಮಗಳು ನಗರ ವ್ಯಾಪ್ತಿಯ ಹೊರಗಿರುವುದರಿಂದ, ತಮ್ಮ ಆಸ್ತಿ ಯಾವ ನ್ಯಾಯಾಲಯದ ಅಧಿಕಾರ ವ್ಯಾಪ್ತಿಗೆ ಸೇರಿದೆ ಎಂಬುದನ್ನು ದಾವೆ ಹೂಡುವ ಮೊದಲೇ ವಕೀಲರಿಂದ ತಿಳಿದುಕೊಳ್ಳುವುದು ಸೂಕ್ತ. ವಕೀಲರ ವೆಚ್ಚ ಭರಿಸಲು ಅಶಕ್ತರಾದವರು, ಹಾಗೂ ಆದಾಯದ ಮಿತಿಯಿಲ್ಲದೆ ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ ಉಚಿತ ಕಾನೂನು ನೆರವು ಪಡೆಯಬಹುದು. ದಾವೆ ಇತ್ಯರ್ಥವಾದ ಮೇಲೆ ಡಿಕ್ರಿಯ ದೃಢೀಕೃತ ಪ್ರತಿಯನ್ನು ತಾಲ್ಲೂಕು ಕಚೇರಿಗೆ ಹಾಜರುಪಡಿಸಿದಲ್ಲಿ, ಅದರ ಪ್ರಕಾರ ಪಹಣಿಯನ್ನು ತಿದ್ದುಪಡಿ ಮಾಡುವ ಕೆಲಸ ಮತ್ತೆ ತಹಶೀಲ್ದಾರರದು.